ಎರಡು ರೊಟ್ಟಿಯ ಬಾಡಿಗೆ

ಮನೆ ಹಂಚುವ ಸಾಹೇಬರೇ,

ನಿಮ್ಮ ನೋಟಿಸು ಬಂದು ಇವತ್ತಿಗೆ ಒಂಬತ್ತು ದಿನ. ಗಂಗಾವತಿಯ ಹೊರಗೆ, ಕನಕಗಿರಿ ರಸ್ತೆಯ ಹೊಸ ಬಡಾವಣೆಯಲ್ಲಿ ನನಗೆ ಕೊಟ್ಟ ಮನೆಯನ್ನು ನಾನು ಬಾಡಿಗೆಗೆ ಬಿಟ್ಟಿದ್ದೇನಂತೆ. ಹದಿನೈದು ದಿನದೊಳಗೆ ಖಾಲಿ ಮಾಡಬೇಕಂತೆ. ಇನ್ನು ಆರು ದಿನ ಉಳಿದಿದೆ. ಎರಡು ಸಲ ಕಚೇರಿಗೆ ಬಂದೆ, ಎರಡು ಸಲವೂ ನೀವು ಮೀಟಿಂಗಿನಲ್ಲಿದ್ದಿರಿ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ. ಹೀಗೆ ಬರೆದದ್ದಕ್ಕೂ ಇನ್ನೊಂದು ನೋಟಿಸು ಬಂದೀತೋ ಏನೋ, ಆ ಹೆದರಿಕೆಯೂ ಇದೆ.

ನಡೆದದ್ದು ಇಷ್ಟು. ಮಗಳು ಖುಷ್ಬುವಿನದು ಚೊಚ್ಚಲ ಹೆರಿಗೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಆದರೆ ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಲಿಫ್ಟಿಗೆಂದು ಬಿಟ್ಟ ಗುಂಡಿ ಇದೆ, ಅದಕ್ಕೆ ಹಲಗೆ ಬಡಿದಿದ್ದಾರೆ. ಬೋರು ಕೆಟ್ಟ ದಿನ ನೀರನ್ನೂ ಕೆಳಗಿನಿಂದ ಹೊರಬೇಕು. ಹೊಲಿಗೆ ಹಾಕಿಸಿಕೊಂಡ ಹುಡುಗಿಯನ್ನು ಹೇಗೆ ಹತ್ತಿಸಲಿ? ತವರೇ ಮಗಳ ಮನೆಗೆ ಹೋಯಿತು. ನಲವತ್ತು ದಿನ ಬೇವೂರಿನಲ್ಲಿ ಬೀಗರ ಮನೆಯಲ್ಲಿದ್ದೆ. ನಮ್ಮ ಯಜಮಾನರು ಹೈದರಸಾಬ ಭತ್ತದ ಲಾರಿ ಓಡಿಸುತ್ತಾರೆ, ವಾರಗಟ್ಟಲೆ ಊರಲ್ಲಿರುವುದಿಲ್ಲ.

ಹೊಸ ಮನೆಯ ಒಲೆ ಅಷ್ಟು ದಿನ ತಣ್ಣಗಿರಬಾರದು ಎಂಬುದು ನಮ್ಮ ಕಡೆಯ ನಂಬಿಕೆ. ಎದುರು ಮನೆಯ ಹೊಳಿಯಮ್ಮ, “ಕೀಲಿ ಕೊಟ್ಟು ಹೋಗಕ್ಕಾ, ದಿನಾ ಒಂದ್ಹೊತ್ತು ನಿಮ್ಮ ಒಲಿಮ್ಯಾಗ ರೊಟ್ಟಿ ಮಾಡ್ತೀನಿ” ಎಂದಳು. ಕೊಟ್ಟೆ. ನಾನು ಮಾಡಿದ ಅಪರಾಧ ಇಷ್ಟೇ.

ನಿಮ್ಮ ತಪಾಸಣೆಯವರು ಬಂದಾಗ ಅವಳು ರೊಟ್ಟಿ ಬಡಿಯುತ್ತಿದ್ದಳಂತೆ.

“ಫಾತಿಮಾಬೀ ಎಲ್ಲಿ?”

“ಮಗಳ ಬಾಣಂತನಕ್ಕ ಹೋಗ್ಯಾಳ್ರಿ.”

“ಮತ್ತ ನೀ ಬಾಡಗಿ ಎಷ್ಟು ಕೊಡ್ತಿ?”

“ದಿನಾ ಎರಡು ರೊಟ್ಟಿ ಕೊಡ್ತೀನ್ರಿ, ಮ್ಯಾಲೆ ಶೇಂಗಾ ಹಿಂಡಿ. ಬರಕೊಳ್ರಿ!”

ಬರೆದುಕೊಂಡರು! ಚೇಷ್ಟೆಯ ಮಾತನ್ನು ‘ಬಾಡಿಗೆದಾರಳ ಹೇಳಿಕೆ’ ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಎದುರಿನ ಬಾಗಿಲ ಮೇಲೆ ಹೊಳಿಯಮ್ಮನ ಸ್ವಂತ ಹೆಸರೇ ಇದೆ. ಸ್ವಂತ ಮನೆ ಬಿಟ್ಟು ನಾಲ್ಕು ಹೆಜ್ಜೆ ಆಚೆ ಬಾಡಿಗೆಗಿರುವವರನ್ನು ನೀವೆಲ್ಲಾದರೂ ಕಂಡಿದ್ದೀರಾ?

ಬಡವರಿಗೆ ಕಡಿಮೆ ಬೆಲೆಗೆ ಮನೆ ಕಟ್ಟುತ್ತಾರೆಂದು ಈ ಬಡಾವಣೆ ಕಟ್ಟಿಸಿದ ಕಂಪನಿಯವರಿಗೆ ಸರ್ಕಾರ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿದೆ. ಗೇಟಿನ ಬೋರ್ಡಿನ ಮೇಲೆ ಅವರೇ ದೊಡ್ಡದಾಗಿ ಬರೆಸಿದ್ದಾರೆ. ಅದೇ ಬೋರ್ಡಿನಲ್ಲಿ ಲಿಫ್ಟ್ ಎಂದೂ ಇದೆ. ಮೂರು ಮಹಡಿ ಏದುಸಿರು ಬಿಡುತ್ತಾ ಹತ್ತಿ, ನನ್ನ ಹಂಚಿನ ಮೇಲೆ ಯಾರ ರೊಟ್ಟಿ ಬೇಯುತ್ತಿದೆ ಎಂದು ಕಂಡುಹಿಡಿದವರಿಗೆ, ಮೆಟ್ಟಿಲ ಪಕ್ಕದ ಗುಂಡಿ ಕಾಣಲಿಲ್ಲವೇ? ರಿಯಾಯಿತಿ ಅವರಿಗೆ, ತಪಾಸಣೆ ನಮಗೆ. ಇದು ಯಾವ ಲೆಕ್ಕ? ಲಿಫ್ಟ್ ಇದ್ದಿದ್ದರೆ ಮಗಳು ಇಲ್ಲಿಗೇ ಬರುತ್ತಿದ್ದಳು, ಕೀಲಿ ನನ್ನ ಸೆರಗಿನಲ್ಲೇ ಇರುತ್ತಿತ್ತು.

ಹೊಳಿಯಮ್ಮ ಈಗ ನನ್ನ ಹೊಸ್ತಿಲು ತುಳಿಯುವುದಿಲ್ಲ. “ನನ್ನ ಬಾಯಿಗಿಷ್ಟು ಬೆಂಕಿ ಬೀಳ್ಲಿ, ಅಕ್ಕಾ” ಎಂದು ಬಾಗಿಲಾಚೆಯಿಂದಲೇ ಅಳುತ್ತಾಳೆ. ತನ್ನ ಮನೆಯೂ ಹೋದೀತೆಂಬ ಹೆದರಿಕೆ ಅವಳಿಗೆ. ನಾನು ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತೇನೆ, ಮತ್ತೆ ತೆಗೆದು ಅಡುಗೆಮನೆಯ ಹಲಗೆಯ ಮೇಲಿಡುತ್ತೇನೆ.

ಆರು ದಿನದೊಳಗೆ ನೀವೇ ಬನ್ನಿ. ಹೊಳಿಯಮ್ಮನ ಹೇಳಿಕೆಯನ್ನು ಇನ್ನೊಮ್ಮೆ ಬರೆದುಕೊಳ್ಳಿ, ಅವಳಿಗೆ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಿ. ನೋಟಿಸು ವಾಪಸು ಪಡೆಯಿರಿ. ಲಿಫ್ಟಿನ ನೋಟಿಸನ್ನು ಕಟ್ಟಿಸಿದವರಿಗೆ ಕೊಡಿ. ಏಳನೇ ದಿನ ಖುಷ್ಬು ಕೂಸನ್ನು ಎತ್ತಿಕೊಂಡು ಮೊದಲ ಸಲ ತವರಿಗೆ ಬರುತ್ತಾಳೆ. ತೊಟ್ಟಿಲು ಕಟ್ಟಲು ಛಾವಣಿಗೆ ಕೊಂಡಿ ಹಾಕಿಸಲೋ ಬೇಡವೋ, ಅಷ್ಟಾದರೂ ತಿಳಿಸಿ.

ಇಂತಿ,
ಇನ್ನಾರು ದಿನದ ಮಟ್ಟಿಗೆ ತಮ್ಮ ಫಲಾನುಭವಿ,
ಫಾತಿಮಾಬೀ