ಹದಿನಾಲ್ಕು ದಿನ ನೆನೆದ ಸಿಪ್ಪೆ

ಮನೆ, ನಡುಮನೆಯ ಕಿಟಕಿಯ ಪಕ್ಕ
೧೫ನೇ ತಾರೀಖು, ಸೋಮವಾರ ಮಧ್ಯಾಹ್ನ

ಪ್ರೀತಿಯ ಇನ್‌ಸ್ಪೆಕ್ಟರಮ್ಮ,

ಹೇಗಿದ್ದೀಯಾ? ಕೆಮ್ಮು ಹೇಗಿದೆ? ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವುದು ನಿಜವಾಗಿ ನಿಂತಿದೆಯೋ, ಇಲ್ಲ ನಿನ್ನ ತಂಗಿ ಕೇಳಿದಾಗ ಮಾತ್ರ ನಿಲ್ಲುತ್ತದೋ? ನಿನ್ನ ವಿಷಯ ನನಗೆ ಗೊತ್ತಿಲ್ಲವೇ. ಕಾಲು ಮುರಿದುಕೊಂಡು ಬಿದ್ದಿದ್ದರೂ 'ಏನಿಲ್ಲ ಬಿಡ್ರೀ' ಅನ್ನುವವಳು ನೀನು. ತಲೆಗೆ ಎರಡು ದಿಂಬು ಇಟ್ಟುಕೊಂಡು ಮಲಗು ಅಂತ ಡಾಕ್ಟರು ಹೇಳಿದ್ದಾರೆ, ನೆನಪಿರಲಿ, ಒಂದನ್ನು ಕಾಲ ಕೆಳಗೆ ತಳ್ಳಬೇಡ. ನಾನು ಚೆನ್ನಾಗಿದ್ದೇನೆ. ದಿನಾ ಏನೋ ಒಂದು ಬೇಯಿಸಿಕೊಳ್ಳುತ್ತೇನೆ. ಅದು ಏನು ಅಂತ ತಿನ್ನುವಾಗಲೂ ಗೊತ್ತಾಗುವುದಿಲ್ಲ, ಹೊಟ್ಟೆ ಮಾತ್ರ ಇದುವರೆಗೆ ತಕರಾರು ಮಾಡಿಲ್ಲ.

ನಿನ್ನ ತಂಗಿಯ ಕಾಗದ ಗುರುವಾರ ಬಂತು. ನೀನು ಅಲ್ಲಿ ಅವಳ ಮನೆಯಲ್ಲಿ ಒಲೆಯ ಹತ್ತಿರವೇ ಹೋಗುವುದಿಲ್ಲವಂತೆ. ತರಕಾರಿ ಹೆಚ್ಚಿಕೊಡುತ್ತೀಯಂತೆ, ಉಪ್ಪು ಹಾಕು ಅಂದರೆ 'ಬೇಡಮ್ಮ, ನೀನೇ ಹಾಕು, ನಾನು ಆಗಲೇ ಒಂದ್ಸಲ ಹಾಕಿದ್ದೀನೋ ಏನೋ' ಅಂತ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೀಯಂತೆ. ಬರುವ ಶನಿವಾರ ನಿನ್ನನ್ನು ಮರೆವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರಂತೆ. ಮಗಳೂ ಹೂಂ ಅಂದಿದ್ದಾಳೆ. 'ಅಮ್ಮನ್ನ ಇನ್ಮೇಲೆ ಒಬ್ಬಳನ್ನೇ ಬಿಡೋದು ಬೇಡಪ್ಪ, ನಮ್ಮ ಕಣ್ಣೆದುರಿಗೇ ಇರಲಿ' ಅಂತ ಫೋನಿನಲ್ಲಿ ನನಗೂ ಹೇಳಿದಳು. ಕಾಗದ ಓದಿ ಮಡಚಿಟ್ಟೆ, ಮತ್ತೆ ತೆಗೆದು ಓದಿದೆ. ಕರೆಂಟು ಹೋದಾಗಲೂ ಉಪ್ಪಿನ ಡಬ್ಬಿಗೂ ಸಕ್ಕರೆ ಡಬ್ಬಿಗೂ ಕೈ ತಪ್ಪದವಳು ನೀನು. ನಿನಗೆ ನಿನ್ನ ಕೈಯ ಮೇಲೆಯೇ ನಂಬಿಕೆ ಹೋಗಿದೆ ಅಂದರೆ ನನಗೆ ಊಟ ಸೇರುವುದಿಲ್ಲ. ಇರಲಿ, ಮೊದಲು ಮನೆಯ ಸಮಾಚಾರ ಹೇಳಿಬಿಡುತ್ತೇನೆ, ಅದೇ ಬೇಕಾದಷ್ಟಿದೆ.

ನಮ್ಮ ಮನೆಯಲ್ಲಿ ಈಗ ಫಿನಾಯಿಲ್ ಇಲ್ಲ, ಬ್ಲೀಚಿಂಗ್ ಪೌಡರ್ ಇಲ್ಲ, ಆಸಿಡ್ ಇಲ್ಲ. ಬಚ್ಚಲುಮನೆಯ ಮೇಲಿನ ಹಲಗೆ ಬಟಾಬಯಲು. ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಶಾಲೆಯ ಲ್ಯಾಬಿಗೆ ಕೊಟ್ಟು ಬಂದೆ. ನನ್ನ ಜಾಗಕ್ಕೆ ಬಂದಿರುವ ಅಟೆಂಡರ್ ಹುಡುಗಿ 'ಏನ್ಸಾರ್, ರಿಟೈರ್ ಆದ್ಮೇಲೂ ಲ್ಯಾಬಿಗೆ ಸಾಮಾನು ತರ್ತೀರಲ್ಲ' ಅಂತ ನಕ್ಕಳು. ಮೂವತ್ತೊಂದು ವರ್ಷ ಅಲ್ಲಿ ಸೀಸೆ ತೊಳೆದೆ, ಒಂದು ಅನಾಹುತ ಆಗಲಿಲ್ಲ. ಆದದ್ದು ನಮ್ಮ ಬಚ್ಚಲುಮನೆಯಲ್ಲಿ. ಬಕೆಟ್ಟಿಗೆ ನೀನು ಪೌಡರ್ ಹಾಕಿದ ತಕ್ಷಣ ಆ ಹಳದಿ ಹೊಗೆ ಎದ್ದದ್ದು, ನೀನು ಉಸಿರು ಸಿಗದೆ ಬಾಗಿಲಿಗೆ ಒರಗಿ ಕುಸಿದದ್ದು, ಎಲ್ಲಾ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಸ್ಪತ್ರೆಯಲ್ಲಿ ಡಾಕ್ಟರು 'ಏನೇನು ಸೇರಿಸಿದ್ರಮ್ಮ?' ಅಂತ ಕೇಳಿದಾಗ ನೀನು ಮಾಸ್ಕ್ ಸರಿಸಿ 'ಪೌಡರ್ ಜೊತೆ ಆಸಿಡ್ಡೂ ಹಾಕ್ಬಿಟ್ಟೆ ಅನ್ಸುತ್ತೆ, ನೆನಪೇ ಇಲ್ಲ' ಅಂದೆ. ಮಗಳೂ ನಿನ್ನ ತಂಗಿಯೂ ಮುಖ ಮುಖ ನೋಡಿಕೊಂಡರು. ನಾನು ನಿನ್ನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಗೋಡೆಯ ಪಕ್ಕ ನಿಂತಿದ್ದೆ.

ಘಾಟು ಯಾವುದೂ ಇನ್ನು ನಿನ್ನ ಮೂಗಿಗೆ ಸೋಕಬಾರದು ಅಂತ ತಾನೇ ಡಾಕ್ಟರು ಹೇಳಿದ್ದು? ಅದಕ್ಕೇ ನೆಲ ಒರೆಸುವ ನೀರನ್ನು ನಾನೇ ತಯಾರಿಸಲು ಹೊರಟೆ. ನಗಬೇಡ. ಮೂಲೆ ಅಂಗಡಿಯ ಜ್ಯೂಸಿನವನ ಹತ್ತಿರ ಹೋಗಿ ಕಿತ್ತಳೆ ಸಿಪ್ಪೆ ಕೇಳಿದರೆ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ 'ಅಯ್ಯೋ ಸಾರ್, ಅಮ್ಮ ಊರಲ್ಲಿಲ್ಲ ಅಂತ ಸಿಪ್ಪೆ ತಿನ್ನೋ ಗತಿ ಬಂತಾ?' ಅಂದ. ಒಂದು ಚೀಲ ತುಂಬಾ ಕೊಟ್ಟ, ಮೇಲೆ ಎರಡು ಹಣ್ಣೂ ಹಾಕಿದ. ಸಿಪ್ಪೆಯನ್ನು ತೊಳೆದು, ಹರಿದು, ದೊಡ್ಡ ಬಾಯಿಯ ಮೂರು ಗಾಜಿನ ಜಾಡಿಗೆ ತುಂಬಿ, ಮುಳುಗುವಷ್ಟು ಬಿಳಿ ವಿನೆಗರ್ ಸುರಿದೆ. ಮುಚ್ಚಳ ಹಾಕಿ ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ಹದಿನಾಲ್ಕು ದಿನ ಮುಟ್ಟಬಾರದು. ಪ್ರತಿ ಜಾಡಿಗೂ ಚೀಟಿ ಅಂಟಿಸಿದೆ: ಒಳಗೆ ಏನಿದೆ, ಯಾವತ್ತು ಹಾಕಿದ್ದು, ಹಾಕಿದವರು ಯಾರು. ಹಾಕಿದವರು ಯಾರು ಅನ್ನುವುದನ್ನು ಮನೆಯಲ್ಲಿ ಒಬ್ಬನೇ ಇರುವವನು ಯಾಕೆ ಬರೆದನೋ, ನಾನೇ ಬಲ್ಲೆ.

ಆ ಹದಿನಾಲ್ಕು ದಿನ ಹೇಗೆ ಹೋದವು ಅಂತ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಹತ್ತು ಗಂಟೆಯ ಬಿಸಿಲು ಜಾಡಿಗಳ ಒಳಗಿಂದ ಹಾದು ಎದುರು ಗೋಡೆಯ ಮೇಲೆ ಬೀಳುತ್ತದೆ. ಮೂರು ಕಿತ್ತಳೆ ಬಣ್ಣದ ಮಚ್ಚೆಗಳು. ಅವು ಮೆಲ್ಲಗೆ ಗೋಡೆ ಇಳಿದು, ನೆಲಕ್ಕೆ ಬಂದು, ನಿನ್ನ ಹೊಲಿಗೆ ಪೆಟ್ಟಿಗೆಯನ್ನು ದಾಟಿ, ಮಂಚದ ಕೆಳಗೆ ಹೋಗಿ ಮಾಯವಾಗುತ್ತವೆ. ನಾನು ಕುರ್ಚಿಯಲ್ಲಿ ಕುಳಿತು ಅವುಗಳ ಹಿಂದೆಯೇ ಕಣ್ಣು ಓಡಿಸುತ್ತೇನೆ. ಓಡಿಸುತ್ತ ಓಡಿಸುತ್ತ ಜೊಂಪು ಹತ್ತುತ್ತದೆ. ಎಚ್ಚರವಾದಾಗ ಮಧ್ಯಾಹ್ನವೋ ಸಂಜೆಯೋ ತಿಳಿಯುವುದಿಲ್ಲ, ಅಡುಗೆಮನೆಯಲ್ಲಿ ನೀನು ಲೋಟ ಇಟ್ಟ ಸದ್ದು ಕೇಳಿದ ಹಾಗಾಗುತ್ತದೆ. 'ಏನೇ, ಒಂದು ಲೋಟ ನೀರು ಕೊಡು' ಅಂತ ಎರಡು ಸಲ ಕೂಗಿಯೂ ಇದ್ದೇನೆ. ಮೂರನೇ ಸಲ ಎದ್ದು ಹೋಗಿ ನಾನೇ ಕುಡಿದೆ.

ನಡುವೆ ಸುಮ್ಮನೆ ಕೂರಲಾಗದೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಕೆಳಗಿನ ಮನೆಯ ಟೈಲರಮ್ಮ 'ವಿನೆಗರ್‌ಗೆ ಅಡುಗೆ ಸೋಡಾ ಹಾಕಿ ಅಂಕಲ್, ನೆಲ ಫಳಫಳ ಅನ್ನುತ್ತೆ' ಅಂದಳು. ಹಾಕಿದೆ. ಬುಸ್ ಅಂತ ನೊರೆ ಎದ್ದಿತು, ನೋಡಲು ಚೆನ್ನಾಗಿತ್ತು, ಆಮೇಲೆ ಉಳಿದದ್ದು ಬರೀ ಉಪ್ಪುನೀರು. ಎರಡೂ ಒಂದರ ಶಕ್ತಿಯನ್ನು ಇನ್ನೊಂದು ತಿಂದು ಹಾಕುತ್ತವೆ, ಇದು ಲ್ಯಾಬಿನಲ್ಲಿ ಕಸ ಗುಡಿಸಿದವನಿಗೂ ಗೊತ್ತಿರಬೇಕು. ಆದರೂ ಆ ಬುಸ್ ಸದ್ದಿಗೆ ನಾನು ಹೆದರಿ ಕಿಟಕಿ ಬಾಗಿಲೆಲ್ಲಾ ತೆರೆದು ಮೆಟ್ಟಿಲ ಮೇಲೆ ಹೋಗಿ ನಿಂತೆ. 'ಏನೂ ಆಗಲ್ಲ ಬನ್ನಿ ಅಂಕಲ್, ಬರೀ ಗಾಳಿ' ಅಂತ ಟೈಲರಮ್ಮನೇ ನನ್ನನ್ನು ಒಳಗೆ ಕರೆದಳು. ಇನ್ನೊಂದು ದಿನ ನಿಂಬೆರಸವನ್ನು ನೀರು ಬೆರೆಸದೆ ಹೊಸ್ತಿಲ ಹತ್ತಿರದ ಕಲ್ಲಿಗೆ ಉಜ್ಜಿದ್ದಕ್ಕೆ ಅಂಗೈ ಅಗಲ ಹೊಳಪು ಹೋಗಿದೆ. ಹುಳಿ ಆ ಕಲ್ಲಿಗೆ ಆಗುವುದಿಲ್ಲ. ಬೈಯುವುದಿದ್ದರೆ ಅದಕ್ಕೂ ಸೇರಿಸಿ ಬೈದುಬಿಡು.

ಅಂಟುವಾಳದ ಕಥೆ ಕೇಳಿದರೆ ನೀನು ಹೊಟ್ಟೆ ಹಿಡಿದುಕೊಂಡು ನಗುತ್ತೀಯ. ಕಾಯಿ ನೆನೆಹಾಕಿ, ಕುದಿಸಿ, ಕಿವುಚಿ, ಸೋಸಿದ ನೀರು ಕಂದು ಬಣ್ಣಕ್ಕೆ ಬಂತು. ಅರ್ಧ ಬಕೆಟ್ಟಿಗೆ ಒಂದು ಸೌಟು ಸಾಕಿತ್ತು, ನಾನು ಅಷ್ಟನ್ನೂ ಸುರಿದೆ. ನೊರೆಯೋ ನೊರೆ! ಬಾಗಿಲ ಕಡೆಯಿಂದ ಒರೆಸುತ್ತ ಬಂದೆ. ನೀನು ಯಾವಾಗಲೂ ಕಿಟಕಿಯ ಕಡೆಯಿಂದ ಶುರು ಮಾಡಿ ಬಾಗಿಲ ಕಡೆಗೆ ಹಿಂದೆ ಹಿಂದೆ ಬರುತ್ತಿದ್ದೆ, ಅದಕ್ಕೊಂದು ಕಾರಣವಿದೆ ಅಂತ ಇಷ್ಟು ವರ್ಷಕ್ಕೆ ನನಗೆ ಹೊಳೆದಿರಲಿಲ್ಲ. ಕೊನೆಗೆ ನೋಡಿದರೆ ನಾನು ಕಿಟಕಿಯ ಮೂಲೆಯಲ್ಲಿದ್ದೇನೆ, ಸುತ್ತಲೂ ಜಾರುವ ಒದ್ದೆ ನೆಲ, ಬಾಗಿಲು ಆಚೆ ದಡದಲ್ಲಿ. ಕಾಲಿಟ್ಟರೆ ಸೊಂಟ ಮುರಿಯುವುದು ಗ್ಯಾರಂಟಿ. ಮುಕ್ಕಾಲು ಗಂಟೆ ಮೊರದಷ್ಟಗಲದ ಒಣ ಜಾಗದಲ್ಲಿ ಮೊಣಕಾಲು ಕಟ್ಟಿಕೊಂಡು ಕುಳಿತೆ. ಒದ್ದೆ ನೆಲದಲ್ಲಿ ಇಡೀ ಕಿಟಕಿ ಕಾಣುತ್ತಿತ್ತು, ಅದರೊಳಗೆ ಆಕಾಶ, ಒಂದು ಹಕ್ಕಿ ನನ್ನ ಕಾಲ ಬೆರಳಿನ ಹತ್ತಿರದಿಂದ ಹಾದು ಹೋಯಿತು. ಮೊದಲು ನಡುವೆ ಒಂದು ಕಡೆ ಒಣಗಿತು, ಆಮೇಲೆ ಇನ್ನೊಂದು ಕಡೆ, ಆಮೇಲೆ ಆಕಾಶ ಸ್ವಲ್ಪ ಸ್ವಲ್ಪವೇ ಕಮ್ಮಿಯಾಗುತ್ತ ಬಂತು. ನೆಲ ಒಣಗುವುದನ್ನು ಕುಳಿತು ನೋಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ನೀನು ಒರೆಸಿ ಮುಗಿಸಿ ಬಾಗಿಲಲ್ಲಿ ನಿಂತು ನೋಡುತ್ತಿದ್ದುದು ಇದನ್ನೇ ಅಂತ ಆಗ ಗೊತ್ತಾಯಿತು. ನಾನು ಪೇಪರ್ ಹಿಡಿದುಕೊಂಡು ಅದರ ಮೇಲೆಯೇ ಹೆಜ್ಜೆ ಇಟ್ಟು ಹೋಗುತ್ತಿದ್ದೆ, ನೀನು 'ರೀ, ಒಂದು ನಿಮಿಷ ತಡೆಯೋಕಾಗಲ್ವಾ' ಅನ್ನುತ್ತಿದ್ದೆ. ಪಾಪಿ ನಾನು, ಒಂದು ದಿನವಾದರೂ ತಡೆಯಲಿಲ್ಲ.

ಒಂದು ಕನಸೂ ಬಿತ್ತು, ಮೊನ್ನೆ ಮಧ್ಯಾಹ್ನ, ಅದೇ ಕುರ್ಚಿಯಲ್ಲಿ. ಮನೆಯ ನೆಲವೆಲ್ಲಾ ತೆಳ್ಳಗೆ ನೀರು. ನೀನು ಬಟ್ಟೆ ಎತ್ತಿ ಕಟ್ಟಿಕೊಂಡು ಹಿಂದೆ ಹಿಂದೆ ನಡೆಯುತ್ತ ಒರೆಸುತ್ತಿದ್ದೀಯ, ಒಂದು ಕೋಣೆ ಮುಗಿದರೆ ಇನ್ನೊಂದು, ನಮ್ಮ ಮನೆಯಲ್ಲಿ ಇಲ್ಲದ ಕೋಣೆಗಳೂ ಇವೆ. ನಾನು ಬಕೆಟ್ ಹಿಡಿದು ನಿನ್ನ ಹಿಂದೆ ಬರುತ್ತಿದ್ದೇನೆ. ಬಕೆಟ್ ತುಂಬುವುದು ನಾನು, ಒರೆಸುವುದು ನೀನು, ಕನಸಿನಲ್ಲೂ ಅದೇ ಕ್ರಮ. ನೀನು ನಿಂತೆ. ತಿರುಗದೆಯೇ 'ಬಕೆಟ್ಟಲ್ಲಿ ಏನಿದೆ ರೀ?' ಅಂತ ಮೆಲ್ಲಗೆ ಕೇಳಿದೆ. ಬೈಯುವ ಧ್ವನಿಯಲ್ಲ, ಸುಮ್ಮನೆ ಕೇಳಿದ್ದು. ನೀನು ಕಾಯುತ್ತಲೇ ಇದ್ದೆ, ನೀರು ಸಣ್ಣಗೆ ಅಲುಗುತ್ತಲೇ ಇತ್ತು. ಅಷ್ಟರಲ್ಲಿ ಎಚ್ಚರವಾಯಿತು.

ಇವತ್ತು ಬೆಳಿಗ್ಗೆ ಮೊದಲ ಜಾಡಿ ತೆರೆದೆ. ವಿನೆಗರಿನ ಚುರುಕು ಹೋಗಿ ಹಣ್ಣಿನ ಕಂಪೇ ಮುಂದಿತ್ತು. ಸೋಸಿ, ಅರ್ಧ ಬಕೆಟ್ ನೀರಿಗೆ ಅರ್ಧ ಲೋಟ ಹಾಕಿ, ಹೊಸ್ತಿಲ ಕಲ್ಲನ್ನು ಬಿಟ್ಟು ಉಳಿದ ಟೈಲ್ಸ್ ನೆಲವನ್ನೆಲ್ಲಾ ಒರೆಸಿದೆ. ಈ ಸಲ ಕಿಟಕಿಯಿಂದ ಬಾಗಿಲಿಗೆ, ಹಿಂದೆ ಹಿಂದೆ. ಮುಗಿಸಿ ಬಾಗಿಲಲ್ಲಿ ನಿಂತುಕೊಂಡೆ. ಕಣ್ಣು ಉರಿಯಲಿಲ್ಲ, ಮೂಗು ಕಟ್ಟಲಿಲ್ಲ, ಉದ್ದಕ್ಕೆ ಉಸಿರು ಎಳೆದುಕೊಂಡೆ, ಒಂದು ಕೆಮ್ಮು ಬರಲಿಲ್ಲ. ಒಣಗಿದ ಮೇಲೆ ಬರಿಗಾಲಲ್ಲಿ ಮೂರು ಸುತ್ತು ಹಾಕಿದೆ, ಅಂಟೂ ಇಲ್ಲ, ಜಾರೂ ಇಲ್ಲ. ಬೆರಳ ತುದಿಯಿಂದ ಮೂಲೆ ಮೂಲೆ ಸವರಿ ನೋಡುವ ಇನ್‌ಸ್ಪೆಕ್ಟರಮ್ಮ ಒಬ್ಬಳು ಇಲ್ಲವಲ್ಲ ಅನ್ನಿಸಿತು. ನೀನಿಲ್ಲದ ಮನೆ ಎಷ್ಟು ಚೊಕ್ಕಟವಾದರೂ ನನಗೆ ಹಿಡಿಸುವುದಿಲ್ಲ ಕಣೇ. ಬಾಯಿಬಿಟ್ಟು ಹೇಳಿದ್ದೇನೆ, ನಿನ್ನ ತಂಗಿ ಓದಿ ನಕ್ಕರೂ ಚಿಂತೆಯಿಲ್ಲ.

ಔಷಧಿ ಹೊತ್ತಿಗೆ ಸರಿಯಾಗಿ ತಗೋ, ಬಿಸಿ ನೀರು ಕುಡಿ, ಸಂಜೆ ಗಾಳಿಗೆ ಕಿವಿ ಮುಚ್ಚಿಕೋ. ನಿನ್ನನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿರುವ ನಿನ್ನ ತಂಗಿಗೂ, ಪಕ್ಕದಲ್ಲಿ ಕುಳಿತು ದಿನಾ ಪೇಪರ್ ಓದಿ ಹೇಳುವ ಅವಳ ಯಜಮಾನರಿಗೂ ನಾನು ಕೇಳಿದೆ ಅಂತ ಹೇಳು. ನಿನ್ನ ಉಸಿರು ಸಲೀಸಾಗಿ ಆಡಲಿ, ನನಗೆ ಬೇರೇನೂ ಬೇಡ.

ನಿನ್ನ,
ವಿಜ್ಞಾನಿ (ನೀನು ಇಟ್ಟ ಹೆಸರೇ)

ತಾ.ಕ.: ಕವರು ಅಂಟಿಸಿ ಅಂಚೆ ಡಬ್ಬಿಯವರೆಗೂ ಹೋಗಿದ್ದೆ. ವಾಪಸು ಬಂದು, ಕವರು ಹರಿದು ಬರೆಯುತ್ತಿದ್ದೇನೆ. ನಾಲ್ಕೂವರೆಗೆ ಡಬ್ಬಿ ತೆಗೆಯುತ್ತಾರೆ, ಅಕ್ಷರ ಸೊಟ್ಟಗಿದ್ದರೆ ಬೇಸರ ಮಾಡಿಕೊಳ್ಳಬೇಡ. ಆ ದಿನ ಬಕೆಟ್ಟಿನ ಬಿಳಿ ಕಲೆ ಬಿಡಲಿ ಅಂತ ಬೆಳಿಗ್ಗೆ ಅದಕ್ಕೆ ಆಸಿಡ್ ಸುರಿದು, ಮೇಲೆ ಒಂದಿಷ್ಟು ನೀರು ಬಿಟ್ಟು, ನಿನಗೊಂದು ಮಾತೂ ಹೇಳದೆ ಪೇಪರ್ ತರಲು ಹೋದವನು ನಾನು. ದಾರಿಯಲ್ಲಿ ಹರಟುತ್ತ ನಿಂತು ಬಕೆಟ್ಟನ್ನೇ ಮರೆತೆ. ನಾನು ತುಂಬಿಟ್ಟದ್ದು ನೀರೇ ಅಂತ ನಂಬಿ ನೀನು ಪೌಡರ್ ಹಾಕಿದೆ, ಎಂದಿನ ಹಾಗೆ. ನಿನ್ನ ಬಟ್ಟೆ ತೆಗೆದುಕೊಂಡು ಹೋಗಲು ಆಸ್ಪತ್ರೆಯಿಂದ ಮನೆಗೆ ಬಂದಾಗ ಆ ಬಕೆಟ್ಟನ್ನು ತೊಳೆದು ಬೋರಲು ಹಾಕಿದೆ. ಲ್ಯಾಬಿನಲ್ಲಿ ಅಷ್ಟು ವರ್ಷ ಇದ್ದವನು ಹೀಗೆ ಮಾಡಿದ ಅಂತಾರಲ್ಲ ಅಂತ ಡಾಕ್ಟರೆದುರು ಬಾಯಿಗೆ ಬೀಗ ಹಾಕಿಕೊಂಡೆ. ನೀನು ತಪ್ಪನ್ನು ನಿನ್ನ ಮೇಲೆ ಎಳೆದುಕೊಂಡೆ, ನಾನು ಎಳೆದುಕೊಳ್ಳಲು ಬಿಟ್ಟೆ. ಮಗಳಿಗೂ ನಿನ್ನ ತಂಗಿಗೂ ಇದನ್ನೇ ಬೇರೆ ಬೇರೆ ಕಾಗದದಲ್ಲಿ ಬರೆದಿದ್ದೇನೆ, ಇದರ ಜೊತೆಗೇ ಡಬ್ಬಿಗೆ ಹಾಕುತ್ತೇನೆ, ಶನಿವಾರಕ್ಕೆ ಮೊದಲು ಮೂರೂ ತಲುಪುತ್ತವೆ. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಬರಬೇಡ, ಅದು ನನಗೆ ಸಲ್ಲಬೇಕಾದದ್ದೇ. ಆದರೆ ಇದೊಂದನ್ನು ಓದು, ಎರಡು ಸಲ ಓದು. ಆಸಿಡ್ ಹಾಕಿದ್ದು ನಿನಗೆ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ, ಯಾಕೆಂದರೆ ನೀನು ಹಾಕಿಯೇ ಇರಲಿಲ್ಲ ಕಣೇ.