ಮಿಸೆಸ್ ಥೋರ್ಲಿಯವರ ಮನೆಯಲ್ಲಿ ಅಪ್ಪ ಹಾಡಿದ್ದು

ಲೆದರ್ ಲೇನ್, ಲಂಡನ್
೯ ಮಾರ್ಚ್ ೧೮೬೨

ನನ್ನ ಮುದ್ದು ಅಮ್ಮನಿಗೆ, ನಿನ್ನ ಜೆಲಿಂದಾಳ ಅಪ್ಪುಗೆ.

ಅಲ್ಲಿ ಲುಕ್ಕಾದಲ್ಲಿ ಅಜ್ಜಿಯ ಕೆಮ್ಮು ಇಳಿದಿದೆಯೆಂದು ಓದಿ ಸಮಾಧಾನವಾಯಿತು. ಅಪ್ಪ ಈ ವಾರ ಪ್ಲಾಸ್ಟರಿನಲ್ಲಿ ಮೇರಿಮಾತೆಯನ್ನು ಎರಕ ಹೊಯ್ದ. ಮೂಗು ಥೇಟ್ ನಿನ್ನದೇ ಬಂದಿದೆ. ಕೇಳಿದರೆ, "ಇಷ್ಟು ವರ್ಷ ಒಂದೇ ಮೂಗು ನೋಡ್ದೋನ ಕೈ ಇನ್ನೇನು ಮಾಡತ್ತೆ" ಅನ್ನುತ್ತಾನೆ.

ಎಡ್ಮಂಡನ ಮನೆಯ ಚಹಾಕೂಟ ಹೇಗಾಯಿತೆಂದು ಕೇಳಿದ್ದೀಯ. ನಮ್ಮ ಮದುವೆಯ ಮಾತು ಅಲ್ಲೇ ಗಟ್ಟಿಯಾಗಬೇಕಿತ್ತಲ್ಲ, ಅದಕ್ಕೇ ಅಪ್ಪನ ಕೋಟನ್ನು ಉಜ್ಜಿ ಉಜ್ಜಿ ಬಿಳಿ ಪುಡಿ ತೆಗೆದಿದ್ದೆ. ಅವನ ತಾಯಿ ಮಿಸೆಸ್ ಥೋರ್ಲಿ ಉಪಚಾರಕ್ಕೆ, "ನೀವು ಕವಿಗಳಂತೆ, ಏನಾದ್ರೂ ಹೇಳಿ" ಎಂದುಬಿಟ್ಟರು. ನಮ್ಮ ಅಪ್ಪನಿಗೆ ಅಷ್ಟು ಸಾಕಲ್ಲ. ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟು, ನಮ್ಮ ಬೆಟ್ಟದ ಊರಿನಲ್ಲಿ ಮದುವೆ ಮಾತಿಗೆ ಕೂತಾಗ ಹಾಡುವಂತೆ ಬೀಗಿತ್ತಿಯನ್ನು ಕೆಣಕಿ ಪದ್ಯ ಹಾಡಿದ. ನಮ್ಮ ಇಟಾಲಿಯನ್ನಿನಲ್ಲಲ್ಲ, ಇಂಗ್ಲಿಷಿನಲ್ಲೇ ಹಾಡಿದ, ಅದೇ ಅನಾಹುತ. ಇವರ ಚಹಾ ತೆಳು, ಕೇಕಿನ ಚೂರು ಅದಕ್ಕಿಂತ ತೆಳು, ಹುಡುಗ ಯಾಕೆ ಇಷ್ಟು ಬಡಕಲು ಎಂದು ಈಗ ತಿಳಿಯಿತು ಎಂದು. ಹಾಡಿ ಮುಗಿಸಿ, ಬೀಗಿತ್ತಿಯೂ ತಿರುಗಿ ಬೈದು ಹಾಡಲಿ ಎಂದು ನಗುತ್ತಾ ಕಾದ.

ಮಿಸೆಸ್ ಥೋರ್ಲಿ ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು ಅಮ್ಮಾ, ಅಷ್ಟೇ. ಮರುಪದ್ಯ ಬರಲಿಲ್ಲವೆಂದರೆ ನಮ್ಮಲ್ಲಿ ಅದು ಚಾಚಿದ ಕೈಯನ್ನು ತಳ್ಳಿದಂತೆ, ನಿನಗೆ ಗೊತ್ತಲ್ಲ. ಅಪ್ಪನ ನಗು ನಿಧಾನಕ್ಕೆ ಇಳಿಯತೊಡಗಿತು. ಎಡ್ಮಂಡ್ ನನ್ನ ತೋಳು ಹಿಡಿದು, "ಸುಮ್ನೆ ಕೂತ್ಕೋ, ಹೇಗೋ ಮರೆತುಬಿಡ್ತಾರೆ" ಎಂದು ಪಿಸುಗುಟ್ಟಿದ. ಅವನು ಹೇಳಿದ್ದು ತಪ್ಪೇನಲ್ಲ. ಆದರೆ ಅಪ್ಪನ ಮುಖ ನನ್ನಿಂದ ನೋಡಲಾಗಲಿಲ್ಲ. ಎದ್ದು ನಿಂತು, ಬೀಗಿತ್ತಿಯ ಪರವಾಗಿ ನಾನೇ ಹಾಡಿದೆ: ಇಂಥ ಹೊಟ್ಟೆಬಾಕ ಬರುತ್ತಾನೆಂದು ಗೊತ್ತಿದ್ದರೆ ಇದ್ದ ಚೂರನ್ನೂ ಬಚ್ಚಿಡುತ್ತಿದ್ದೆ ಎಂದು. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ದಾರಿಯುದ್ದಕ್ಕೂ, "ನೋಡಿದ್ಯಾ ಮಗಳೇ, ನಾವಿಬ್ರೂ ಸೇರಿ ಅವರ ಬಾಯಿ ಕಟ್ಟಿಹಾಕಿಬಿಟ್ವಿ" ಎಂದು ಹಿಗ್ಗಿದ. ಈಗ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ನಾನೂ ಹೌದೌದು ಎನ್ನುತ್ತೇನೆ.

ಮದುವೆ ಸ್ವಲ್ಪ ಮುಂದೆ ಹೋಗಬಹುದು. ನೀನಿಲ್ಲದೆ ಹೇಗೆ ಮಾಡುವುದು.

ಅಜ್ಜಿಯ ಕೈಗೊಂದು ಮುತ್ತು.

ನಿನ್ನ ಮಗಳು
ಜೆಲಿಂದಾ

ತಾ.ಕ.: ಸುಳ್ಳು ಹೇಳಿದೆ ಅಮ್ಮಾ. ಮರುದಿನವೇ ಎಡ್ಮಂಡ್ ಬಂದಿದ್ದ. "ಇನ್ಮೇಲೆ ನಾನು ಎಲ್ಲೂ ಹಾಡಲ್ಲ ಅಂತ ನಮ್ಮಮ್ಮನ ಹತ್ರ ಒಂದು ಮಾತು ಹೇಳು, ಸಾಕು" ಎಂದ. ಅಳುತ್ತಲೇ ಹೇಳಿದ, ಪಾಪ. ಉಂಗುರ ತೆಗೆದು ಅವನ ಕೈಯಲ್ಲಿಟ್ಟೆ. ಅವನೆಂದರೆ ನನಗೆ ಈಗಲೂ ಜೀವ. ಅಪ್ಪನಿಗೆ ಇದ್ಯಾವುದೂ ಗೊತ್ತಿಲ್ಲ. ದಿನಾ ಸಂಜೆ ಮದುವೆಗೆಂದು ಹೊಸ ಪದ್ಯ ಕಟ್ಟಿ ಹಾಡುತ್ತಾನೆ, ನಾನು ಮದುಮಗಳಾಗಿ ಉತ್ತರ ಹಾಡುತ್ತೇನೆ. ಬೇಗ ಬಾ ಅಮ್ಮಾ. ಅವನಿಗೆ ಹೇಳುವುದು ನನ್ನಿಂದ ಆಗುವುದಿಲ್ಲ.