ಪಕ್ಕದಲ್ಲಿ ಕೂತವಳು

ರಾಕ್‌ಸ್ಪ್ರಿಂಗ್ಸ್ ಹತ್ತಿರ, ಟೆಕ್ಸಾಸ್
ಫೆಬ್ರವರಿ ೧೯, ಗುರುವಾರ ಮಧ್ಯಾಹ್ನ

ನನ್ನ ಮುದ್ದು ಡೆಲ್ಲಾ,

ಹೇಗಿದ್ದೀಯ ಕೂಸೇ? ಸೊಂಟ ಹೇಗಿದೆ? ದಿನವೆಲ್ಲ ಬಗ್ಗಿ ಬೇರೆಯವರ ಕುರಿಗಳ ಉಣ್ಣೆ ಕತ್ತರಿಸಿ ಕತ್ತರಿಸಿ, ಇಲ್ಲಿಗೆ ಬರುವ ಹೊತ್ತಿಗೆ ನೀನೂ ನನ್ನ ಹಾಗೆ ಗೂನು ಬಿದ್ದು ಬರುತ್ತೀಯೋ ಏನೋ. ಬಲಗೈ ಬೆರಳು ಮರಗಟ್ಟುತ್ತವೆ ಅಂದಿದ್ದೆ, ಮಲಗುವ ಮುಂಚೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಅದ್ದು. ನಿನ್ನ ತಾತ ಅರ್ವಿಲ್ ಹಾಗೇ ಮಾಡುತ್ತಿದ್ದ. ನ್ಯೂಜಿಲೆಂಡಿನವರು ಮೂರು ಹೊತ್ತೂ ಕುರಿಮಾಂಸವನ್ನೇ ಬಡಿಸುತ್ತಾರೆಂದು ಗೋಳಾಡಿದ್ದೆಯಲ್ಲ, ಬಂದ ದಿನ ಹುರುಳಿಕಾಯಿ, ಹಂದಿಮಾಂಸದ ಸಾರು, ಬಾಣಲೆಯಲ್ಲಿ ಸುಟ್ಟ ಮೆಕ್ಕೆಜೋಳದ ಬ್ರೆಡ್ಡು ಮಾಡಿ ಕಾದಿರುತ್ತೇನೆ. ನಾನು ಚೆನ್ನಾಗಿದ್ದೇನೆ. ಭುಜ ಒಂದು ನೋಯುತ್ತದೆ, ಅದು ನೋಯಬೇಕಾದ್ದೇ, ಆಮೇಲೆ ಹೇಳುತ್ತೇನೆ.

ವಾರವಾರ ಫೋನಿನಲ್ಲಿ ಹರಟುವ ಅಜ್ಜಿ ಕಾಗದ ಯಾಕೆ ಬರೆದಳಪ್ಪಾ ಎಂದು ಗಾಬರಿಯಾಗಬೇಡ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಇದು ನಿನ್ನ ಟೆಸ್ಸಿಯ ವಿಷಯ. ಬದುಕಿದ್ದಾಳೆ, ಉಣ್ಣುತ್ತಾಳೆ, ಇದನ್ನು ಬರೆಯುವಾಗ ನನ್ನ ಕುರ್ಚಿಯ ಕೆಳಗೇ ಮಲಗಿದ್ದಾಳೆ. ಅಷ್ಟನ್ನು ಮೊದಲು ಓದಿಕೊಂಡು ಉಸಿರು ಬಿಡು. ಆದರೆ ನೀನು ನಂಬಿ ಬಿಟ್ಟುಹೋದ ನಾಯಿಗೆ ನಾನೊಂದು ಅನ್ಯಾಯ ಮಾಡಿದೆ. ಮಾಡಿದ್ದು ಸಾಲದೆಂದು ನಿನ್ನಿಂದ ಮುಚ್ಚಿಟ್ಟೆ. ಮೊದಲಿನಿಂದ ಶುರುಮಾಡದಿದ್ದರೆ ನನಗೆ ಯಾವುದನ್ನೂ ಹೇಳಲು ಬರುವುದಿಲ್ಲ, ನಿನಗೆ ಗೊತ್ತೇ ಇದೆ. ಸ್ವಲ್ಪ ತಾಳಿಕೊ.

ಈ ವರ್ಷ ಕಾಡುಹಂದಿಗಳು ಮಿತಿಮೀರಿದವು. ಕುರಿಗಳು ಮರಿ ಹಾಕಲು ಶುರುಮಾಡಿದ್ದೇ ತಡ, ಸೀಡರ್ ಪೊದೆಗಳಿಂದ ಹಿಂಡುಹಿಂಡಾಗಿ ಇಳಿದುಬಂದು, ಇನ್ನೂ ಮೈ ಒಣಗದ ಮರಿಗಳನ್ನು ಹೊತ್ತೊಯ್ದವು. ಬೆಳಿಗ್ಗೆ ಹೋದರೆ ತಾಯಿಕುರಿ ಖಾಲಿ ಹುಲ್ಲನ್ನು ಮೂಸುತ್ತಾ ಕೂಗುತ್ತಿರುತ್ತಿತ್ತು. ಅರ್ವಿಲನ ಹಳೆಯ ಚಿಲಕದ ಬಂದೂಕು ತೆಗೆದುಕೊಂಡು ಹೋಗಿ ಕೂತೆ. ಒಂದು ಗುಂಡು ಹಾರಿಸಿ, ಈ ಸೊಟ್ಟ ಬೆರಳುಗಳಲ್ಲಿ ಚಿಲಕ ಎಳೆದು ಮುಂದಕ್ಕೆ ತಳ್ಳುವಷ್ಟರಲ್ಲಿ ಒಂದು ಬಿದ್ದಿರುತ್ತಿತ್ತು, ಉಳಿದ ಹಿಂಡೆಲ್ಲ ಪೊದೆಯೊಳಗೆ ನಗುತ್ತಿರುತ್ತಿತ್ತು. ಆಗಲೇ ನಿರ್ಧಾರ ಮಾಡಿದೆ. ಈ ವಯಸ್ಸಿನಲ್ಲಿ, ನನ್ನದೇ ಎನ್ನುವ ಒಂದು ದೊಡ್ಡ ಬಂದೂಕು, ಬೆರಳಿನಿಂದ ಕುದುರೆ ಎಳೆದಷ್ಟು ಸಲವೂ ತಾನೇ ಮುಂದಿನ ಗುಂಡು ತುಂಬಿಕೊಳ್ಳುವಂಥದ್ದು, ಕೊಳ್ಳುವುದೇ ಸರಿ.

ಡಾಯ್ಲ್‌ನ ಬಂದೂಕಿನ ಅಂಗಡಿಗೆ ಹೋದೆ. ಒಳಗೆ ಕಾಲಿಡುತ್ತಲೇ ಶುರುಮಾಡಿದ. “ಏನ್ ಮಿಸ್ ಓರ್ಲೀನ್, ದಾರಿ ತಪ್ಪಿ ಬಂದ್ರಾ? ದಾರ, ಗುಂಡಿ ಮಾರೋ ಅಂಗಡಿ ಹಿಂದಿನ್ ಬೀದೀಲಿ!” ನಾನು ಬಿಡುತ್ತೇನೆಯೇ? “ಗುಂಡಿ ಬೇಕಾಗಿರೋದು ನಿನಗಪ್ಪಾ, ಹೊಟ್ಟೆ ಮೇಲಿಂದು ಇವತ್ತೋ ನಾಳೆನೋ ಹಾರ್‌ಹೋಗತ್ತೆ” ಎಂದೆ. ಅವನು ಮೊದಲು ಹಗುರವಾದ ಸಣ್ಣ ಗುಂಡಿನದೊಂದನ್ನು ತೋರಿಸಿದ, ಹೆಂಗಸರ ಕೈಗೆ ಸಲೀಸು ಅಂತ. “ನಾನು ಮೊಲ ಹೊಡ್ಯೋಕ್ ಹೊರಟಿಲ್ಲ ಕಣೋ, ದೊಡ್ಡದು ತೆಗಿ” ಎಂದು ಗದರಿದ ಮೇಲೆ ಗೋಡೆಯಿಂದ ಮುನ್ನೂರೆಂಟು ಎನ್ನುವ ಅಳತೆಯ ದಪ್ಪ ಗುಂಡಿನ ಕರಿಯ ಬಂದೂಕನ್ನು ಇಳಿಸಿದ. ನನ್ನ ಮೇಲೆ ಹಳೆಯ ಕೇಸೇನಾದರೂ ಇದೆಯೇ ಎಂದು ಸರ್ಕಾರದವರು ನೋಡಿ ಫೋನಿನಲ್ಲಿ ಒಪ್ಪಿಗೆ ಕೊಡುವವರೆಗೆ ಇಬ್ಬರೂ ಅವನ ಕೆಟ್ಟ ಕಾಫಿ ಕುಡಿದೆವು. ಮನೆಗೆ ಬರುವಾಗ ಟ್ರಕ್ಕಿನಲ್ಲಿ ಅದು ಹಿಂದಿನ ಸೀಟಿನಲ್ಲಿ, ಟೆಸ್ಸಿ ಎಂದಿನಂತೆ ನನ್ನ ಪಕ್ಕದಲ್ಲಿ. ಮದುವೆಯಾದ ಹೊಸದರಲ್ಲಿ ಕೂಡ ನಾನು ಅಷ್ಟು ಹಿಗ್ಗಿರಲಿಲ್ಲ ಕಣೇ.

ಹಿಗ್ಗೇ ನನ್ನನ್ನು ಕೆಡಿಸಿದ್ದು. ಇದ್ದ ಹಾಗೆ ಇಟ್ಟುಕೊಳ್ಳದೆ ಮದುಮಗಳನ್ನು ಸಿಂಗರಿಸಿದ ಹಾಗೆ ಸಿಂಗರಿಸಲು ಕೂತೆ. ಅಡುಗೆಮನೆಯ ಮೇಜಿನ ಮೇಲೆ ಟವೆಲು ಹಾಸಿ, ಅರ್ವಿಲನ ಸಲಕರಣೆ ಡಬ್ಬಿ ತೆರೆದು, ಎರಡು ಕನ್ನಡಕ ಒಂದರ ಮೇಲೊಂದು ಏರಿಸಿ, ಫೋನಿನಲ್ಲಿ ಯಾರೋ ಗಡ್ಡದವನು ಹೇಳಿಕೊಟ್ಟ ಹಾಗೆ ಬಿಚ್ಚಿದೆ, ಕಟ್ಟಿದೆ. ನನ್ನ ಗಿಡ್ಡ ಕೈಗೆ ಹೊಂದುವಂತೆ ಉದ್ದ ಕುಗ್ಗುವ ಹಿಡಿ, ಅದರ ಮೇಲೆ ಕೆನ್ನೆಗೆ ಮೆತ್ತೆ. ವಾತದ ಬೆರಳಿಗೆ ಹಗುರವಾದ ಕುದುರೆ. ಸಂಜೆಗೆ ಮಂಜಾಗುವ ಕಣ್ಣಿಗೆ ಒಳ್ಳೆಯ ದುರ್ಬೀನು. ಹಿಡಿ ಕೂರಿಸುವಾಗ ಅಕ್ಕಿಕಾಳಿನಷ್ಟು ಸ್ಪ್ರಿಂಗು ಟಕ್ಕನೆ ಹಾರಿ ಎಲ್ಲೋ ಮಾಯವಾಯಿತು. ನೆಲದ ಮೇಲೆ ತೆವಳಿ ಹುಡುಕಿ ಸುಸ್ತಾಗಿ ಕೂತಾಗ, ಟೆಸ್ಸಿ ಒಲೆಯ ಸಂದಿಗೆ ಮೂಗು ಚುಚ್ಚಿ ಉಫ್ ಎಂದಳು. ನೋಡಿದರೆ ಅಲ್ಲೇ ಇತ್ತು! ನಿನ್ನ ನಾಯಿ ಇಲ್ಲದಿದ್ದರೆ ಆ ಬಂದೂಕು ಪೂರ್ತಿ ಆಗುತ್ತಲೇ ಇರಲಿಲ್ಲ.

ಕೊನೆಗೆ ಬಣ್ಣ. ಎಲ್ಲರೂ ಬಟ್ಟೆ ಒಗೆಯುವ ಬಲೆಚೀಲ ಸುತ್ತಿ ಅದರ ಮೇಲೆ ಬಣ್ಣ ಊದುತ್ತಾರೆ, ಒಣಹುಲ್ಲಿನಂತೆ ಕಾಣಲೆಂದು. ನನ್ನ ಹತ್ತಿರ ಬಲೆಚೀಲ ಎಲ್ಲಿಯದು? ಕಿಟಕಿಯ ಹಳೆಯ ಲೇಸು ಪರದೆ ಸುತ್ತಿ ಊದಿದೆ. ಬಿಚ್ಚಿ ನೋಡಿದರೆ ನಳಿಗೆಯ ತುಂಬ ಕಂದು ಗುಲಾಬಿ ಹೂವುಗಳು. ಪಕ್ಕದ ಜಮೀನಿನ ಬೆನೀಟೊ ಬೇಲಿಯ ಮೇಲೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಸೆನ್ಯೋರಾ, ಇದಕ್ಕೆ ಗುಂಡೇ ಬೇಡ! ಹಂದಿಗಳು ನೋಡಿ ನಕ್ಕೂ ನಕ್ಕೂ ಸಾಯ್ತವೆ.” ಚರ್ಚಿನಲ್ಲಿ ಊಟದ ಸಾಲಿನಲ್ಲಿ ಹೆಂಗಸರಿಗೆಲ್ಲ ಅದರ ಫೋಟೊ ತೋರಿಸಿದೆ. ಮೊಮ್ಮಕ್ಕಳ ಫೋಟೊ ತೋರಿಸುವವರ ಮಧ್ಯೆ ನಿಂತು, ನಾನು ಬಂದೂಕಿನದು.

ಇನ್ನು ಹೇಳಬೇಕಾದ್ದು. ಭುಜದ ಆಪರೇಷನ್ ಆದಮೇಲೆ ಗುಂಡು ಹಾರುವಾಗಿನ ಬಂದೂಕಿನ ಒದೆತ ನನಗೆ ಆಗುವುದಿಲ್ಲ. ಅದಕ್ಕೆ ಬಂದೂಕಿನ ಮೂತಿಗೆ ತಿರುಗಿಸಿ ಹಾಕುವ ಒಂದು ಬ್ರೇಕು ಕೇಳಿದೆ, ಪಕ್ಕಗಳಲ್ಲಿ ಕಿಂಡಿಯಿರುವ ಉಕ್ಕಿನ ತುಂಡು. ಅದನ್ನು ಕೊಡುವಾಗ ಡಾಯ್ಲ್ ತಮಾಷೆ ಬಿಟ್ಟು ಮಾತಾಡಿದ. “ನೋಡಿ ಮಿಸ್ ಓರ್ಲೀನ್, ಇದು ಒದೆತಾನ ನುಂಗಲ್ಲ, ತಗೊಂಡ್ ಪಕ್ಕಕ್ಕೆ ಎಸೀತದೆ. ನಿಮ್ಗೆ ಹಾಯಾಗಿರತ್ತೆ, ಪಕ್ಕದಲ್ಲಿರೋರ ಕಿವಿ ಕಿತ್‌ಹೋಗತ್ತೆ. ನಿಮ್ ಪಕ್ಕದಲ್ಲಿ ಯಾರ್ ಕೂರ್ತಾರೆ?” ನಾನು ನಕ್ಕುಬಿಟ್ಟೆ ಡೆಲ್ಲಾ. “ಅರ್ವಿಲ್ ಹೋದ್ಮೇಲೆ ನನ್ ಪಕ್ಕದಲ್ಲಿ ಯಾರ್ ಕೂರ್ತಾರೋ, ದೆವ್ವಾನಾ?” ಎಂದೆ. ಆ ಮಾತು ಆಡುವಾಗ ಟೆಸ್ಸಿ ಕೌಂಟರಿನ ಕೆಳಗೆ ನನ್ನ ಬೂಟಿನ ಮೇಲೆ ಗದ್ದವಿಟ್ಟು ಮಲಗಿದ್ದಳು. ಅವಳ ಬಿಸಿ ನನ್ನ ಕಾಲಿಗೆ ತಾಗುತ್ತಿತ್ತು. ಡಾಯ್ಲ್‌ಗೆ ಅವಳು ಕಾಣುತ್ತಿರಲಿಲ್ಲ. ನನಗೆ ಗೊತ್ತಿತ್ತು. ನನ್ನ ಕಿವಿಗೆ ಮಾತ್ರ ಅಂಗಡಿಯಲ್ಲಿದ್ದ ಅತ್ಯುತ್ತಮ ಮುಚ್ಚಳಗಳನ್ನು ಆರಿಸಿ ತಂದೆ.

ಸಂಜೆ, ಬೇಟೆಗೆ ಅಡಗಿ ಕೂರಲು ಅರ್ವಿಲ್ ಕಟ್ಟಿದ ತಗಡಿನ ಗೂಡಿನಲ್ಲಿ ಕೂತೆವು, ಮರಿ ಹಾಕುವ ಹುಲ್ಲುಗಾವಲಿನ ಅಂಚಿನಲ್ಲಿ. ನಿನ್ನ ನಾಯಿ ಹಿಂದೆ ಕೂರುವ ಜಾತಿಯದಲ್ಲ, ತೆವಳಿ ತೆವಳಿ ಮುಂದೆ ಬಂದು, ನಳಿಗೆಯ ಎಡಕ್ಕೆ ಕಿಟಕಿಯ ಹಲಗೆಯ ಮೇಲೆ ಮೂತಿ ಇಟ್ಟಳು. ನನ್ನ ಕೈ ಗಿಡ್ಡವಾದ್ದರಿಂದ ನಳಿಗೆಯ ಮೂತಿಯೂ ಹೊರಗೆ ಚಾಚದೆ ಅದೇ ಹಲಗೆಯ ಮೇಲೆ ನಿಂತಿತ್ತು. ಹಂದಿಗಳು ಬಂದವು. ಎಳೆದೆ, ಮತ್ತೆ ಎಳೆದೆ, ಗುಂಡುಪೆಟ್ಟಿಗೆ ಖಾಲಿಯಾಗುವವರೆಗೆ ಎಳೆದೆ. ನನ್ನ ಭುಜಕ್ಕೆ ಯಾರೋ ಮೆತ್ತಗೆ ತಟ್ಟಿದ ಹಾಗಿತ್ತು ಅಷ್ಟೆ, ಕಿವಿಯಲ್ಲಿ ಹತ್ತಿ ಇಟ್ಟಂತೆ ದೂರದ ಸದ್ದು. ಹುಲ್ಲಿನ ಮೇಲೆ ದೊಡ್ಡ ದೊಡ್ಡ ಹಂದಿಗಳು ಉರುಳಿದ್ದವು. ಒಬ್ಬಳೇ ಜೋರಾಗಿ ಕೇಕೆ ಹಾಕಿದೆ. ತಿರುಗಿ ನೋಡಿದರೆ ಟೆಸ್ಸಿ ಗೂಡಿನ ಮೂಲೆಯಲ್ಲಿ ತಲೆ ಒದರುತ್ತಾ, ಮುಂಗಾಲಿನಿಂದ ಕಿವಿ ಉಜ್ಜಿಕೊಳ್ಳುತ್ತಿದ್ದಳು. ಹುಲ್ಲಿನ ಮುಳ್ಳು ಹೊಕ್ಕಿರಬೇಕೆಂದುಕೊಂಡೆ. ಮನೆಗೆ ಬಂದು ಎಣ್ಣೆ ಬಿಟ್ಟೆ. ಆಮೇಲೂ ಎಷ್ಟೋ ಸಂಜೆ ಕರೆದುಕೊಂಡು ಹೋದೆ, ಡೆಲ್ಲಾ. ಅವಳು ಗೂಡಿನ ಬಾಗಿಲಲ್ಲಿ ಹಿಂಜರಿದಳು. “ಬಾರೇ ಸೋಮಾರಿ” ಎಂದು ಕುತ್ತಿಗೆಪಟ್ಟಿ ಹಿಡಿದು ಒಳಗೆ ಎಳೆದುಕೊಂಡವಳು ನಾನು.

ಕಂಡುಹಿಡಿದದ್ದು ಬೆನೀಟೊ. ಟೆಸ್ಸಿ ನಮ್ಮ ಮಣ್ಣುದಾರಿಯ ನಡುವೆ ಬಿಸಿಲಿಗೆ ಮಲಗಿದ್ದಾಗ ಅವನ ಟ್ರಕ್ಕು ಹಿಂದಿನಿಂದ ಬಂತು. ಹಾರ್ನು ಬಾರಿಸಿ ಬಾರಿಸಿ ಕೊನೆಗೆ ಇಳಿದು ಅವಳನ್ನು ಎತ್ತಿಕೊಂಡೇ ಬಂದ. “ಸೆನ್ಯೋರಾ, ನಿಮ್ ನಾಯಿಗೆ ಏನೂ ಕೇಳಿಸ್ತಿಲ್ಲ.” “ನಿನ್ ಹಾರ್ನ್ ಕೆಟ್ಟಿರ್ಬೇಕು, ಹೋಗಯ್ಯಾ” ಎಂದೆ. ಅವನು ಟ್ರಕ್ಕಿಗೆ ಹೋಗಿ ಒಂದು ಸಲ ಹಾರ್ನು ಬಾರಿಸಿದ. ಕೋಳಿಗಳೆಲ್ಲ ಹಾರಿದವು. ಟೆಸ್ಸಿ ನನ್ನ ಕಾಲ ಬಳಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಪಶುವೈದ್ಯೆ ಅವಳ ತಲೆಯ ಹಿಂದೆ ಚಪ್ಪಾಳೆ ತಟ್ಟಿ, ಕಿವಿಯೊಳಗೆ ದೀಪ ಹಾಕಿ ನೋಡಿ, ಬಂದೂಕು ಯಾವುದು, ಎಲ್ಲಿ ಕೂರಿಸಿದ್ದಿರಿ ಎಂದು ಕೇಳಿದರು. ಹೇಳಿದೆ. ಬೈಯಲಿಲ್ಲ. “ಇದು ವಾಪಸ್ ಬರಲ್ಲ ಮಿಸ್ ಓರ್ಲೀನ್” ಎಂದು ಟೆಸ್ಸಿಯ ಬೆನ್ನು ಸವರಿದರು. ಬೈದಿದ್ದರೆ ಚೆನ್ನಾಗಿತ್ತು.

ಇಷ್ಟಾದರೂ ನಿನಗೆ ಹೇಳಿದೆನೇ? ಭಾನುವಾರ ನೀನು ಫೋನು ಮಾಡಿ, ಯಾವಾಗಿನಂತೆ “ಅಜ್ಜೀ, ಅವಳ ಕಿವಿ ಹತ್ರ ಹಿಡಿ” ಎಂದು ಆ ಉದ್ದ ಸಿಳ್ಳೆ ಹಾಕಿದೆ, ಗುಡ್ಡದಾಚೆಯಿಂದ ಕುರಿಗಳನ್ನು ತಿರುಗಿಸುವ ನಿನ್ನ ಸಿಳ್ಳೆ. ನಾನು ಫೋನನ್ನು ಅವಳ ಕಿವಿಗೆ ಹಿಡಿದೆ. ಅವಳು ಅದನ್ನು ಮೂಸಿ, ತಿನ್ನುವುದಲ್ಲವೆಂದು ಗೊತ್ತಾಗಿ ತಲೆ ಕೆಳಗಿಟ್ಟಳು. “ಎದ್ಲಾ ಅಜ್ಜಿ?” ಎಂದೆ ನೀನು. “ಎದ್ದು ಬಾಗಿಲಿಗೆ ಓಡಿದ್ಲು ಕಣೇ, ಬಾಲ ನೋಡ್ಬೇಕು ನೀನು!” ಎಂದೆ ನಾನು. ನೀನು ಅಷ್ಟು ದೂರದಲ್ಲಿ ಖುಷಿಯಿಂದ ನಕ್ಕೆ. ಮುಂದಿನ ವಾರವೂ ಅದೇ ಸುಳ್ಳು. ಅದರ ಮುಂದಿನ ವಾರ, ನೀನು ಕೇಳುವ ಮೊದಲೇ, ಬೇಲಿ ಹಾರಲು ನೋಡಿದಳೆಂದು ಸೇರಿಸಿದೆ. ಪ್ರಾರ್ಥನೆ ಮುಗಿಸಿ ಬಂದ ಬಾಯಲ್ಲೇ.

ಈಗ ಬ್ರೇಕು ತೆಗೆದು ಡಬ್ಬಿಯಲ್ಲಿ ಹಾಕಿದ್ದೇನೆ. ಬಂದೂಕು ಮಾರಿಲ್ಲ, ಹಂದಿಗಳು ನನ್ನ ನಾಚಿಕೆ ನೋಡಿ ಬರುವುದು ನಿಲ್ಲಿಸುವುದಿಲ್ಲವಲ್ಲ. ಟೆಸ್ಸಿಯನ್ನು ಮನೆಯೊಳಗೆ ಬಿಟ್ಟು ಹೋಗುತ್ತೇನೆ. ಭುಜ ನೀಲಿಗಟ್ಟಿದೆ. ಇರಲಿ, ಅದು ನನ್ನ ಪಾಲಿನ ಒದೆತ, ನಾನೇ ತಿನ್ನಬೇಕಾದ್ದು.

ಅವಳಿಗೆ ಕೈಸನ್ನೆ ಕಲಿಸುತ್ತಿದ್ದೇನೆ. ತಾತನ ಬಿಳಿ ಹುಲ್ಲಿನ ಟೋಪಿಯನ್ನು ಎಡಕ್ಕೆ ಬೀಸಿದರೆ ಎಡಗಡೆ ಸುತ್ತು, ಬಲಕ್ಕೆ ಬೀಸಿದರೆ ಬಲಗಡೆ, ಎದೆಗೆ ಒತ್ತಿಕೊಂಡರೆ ಮಲಗು. ಬೇಗ ಹಿಡಿದುಕೊಂಡಳು, ನಿನ್ನೆ ಕೊಳದ ಹತ್ತಿರದಿಂದ ಒಂದಷ್ಟು ಕುರಿಗಳನ್ನು ಅಟ್ಟಿಕೊಂಡು ಬಂದಳು. ಆದರೆ ನಿನಗೆ ಸುಳ್ಳು ಭರವಸೆ ಕೊಡಲಾರೆ. ಮೊದಲು ಅವಳು ಕುರಿಗಳ ಮೇಲಿಂದ ಕಣ್ಣು ಕೀಳುತ್ತಿರಲಿಲ್ಲ. ಅದಕ್ಕೇ ಅಲ್ಲವೇ ನೀನು ಅವಳನ್ನು ಶರತ್ಕಾಲದ ಕುರಿನಾಯಿಗಳ ಸ್ಪರ್ಧೆಗೆ ತಯಾರು ಮಾಡುತ್ತಿದ್ದದ್ದು. ಈಗ ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನನ್ನನ್ನು ನೋಡುತ್ತಾಳೆ, ಟೋಪಿ ಎಲ್ಲಿದೆಯೆಂದು. ಅವಳು ತಿರುಗಿದ ಕ್ಷಣದಲ್ಲಿ ಕುರಿಗಳು ಚದುರುತ್ತವೆ. ಆ ನೋಟದಲ್ಲಿ ಸಿಟ್ಟಿಲ್ಲ ಡೆಲ್ಲಾ, ನನ್ನ ಮೇಲೆ ಪೂರ್ತಿ ನಂಬಿಕೆ. ಅದನ್ನು ಎದುರಿಸಿ ನಿಲ್ಲುವುದೇ ನನಗೆ ಕಷ್ಟ. ಸ್ಪರ್ಧೆಯ ವಿಷಯ ನೀನೇ ಬಂದು ನೋಡಿ ತೀರ್ಮಾನಿಸು. ನನ್ನ ಮೇಲೆ ಕೋಪ ಮಾಡಿಕೊಳ್ಳುವ ಹಕ್ಕು ನಿನಗಿದೆ. ಅಜ್ಜಿಗೆ ವಯಸ್ಸಾಗಿದೆ ಪಾಪ ಎಂದು ಮಾತ್ರ ಬಿಟ್ಟುಬಿಡಬೇಡ. ವಯಸ್ಸು ಮಾಡಿದ ತಪ್ಪಲ್ಲ ಇದು.

ನಿನ್ನ ಕತ್ತರಿ ಹರಿತವಾಗಿರಲಿ, ಕೈ ಕೊಯ್ಯದಿರಲಿ. ನಿನ್ನ ಜೊತೆ ದುಡಿಯುವ ಹುಡುಗಿಯರಿಗೆಲ್ಲ ನನ್ನ ನೆನಪು ಹೇಳು. ನೀನು ಹೋದಲ್ಲೆಲ್ಲ ದೇವರು ನಿನ್ನ ಪಕ್ಕದಲ್ಲೇ ಇರಲಿ.

ನಾಚಿಕೆಯಿಂದ, ಪ್ರೀತಿಯಿಂದ,
ನಿನ್ನ ಅಜ್ಜಿ ಓರ್ಲೀನ್

ಮರೆತೆ: ಅಂಚೆಯವಳು ಗೇಟಿಗೆ ಬಂದೇಬಿಟ್ಟಳು, ಬೇಗ ಬರೆಯುತ್ತೇನೆ. ನೀನು ಬರುವ ದಿನ ಗೇಟಿನ ಹತ್ತಿರ ನಿಂತು ಸಿಳ್ಳೆ ಹಾಕಬೇಡ. ಅವಳು ಜಗಲಿಯಲ್ಲಿ ಮಲಗಿದ್ದು ತಲೆಯೆತ್ತದಿದ್ದರೆ, ನಿನ್ನನ್ನು ಮರೆತೇಬಿಟ್ಟಳೆಂದು ನಿನ್ನ ಎದೆ ಒಡೆಯುತ್ತದೆ. ಗಾಳಿ ನಿನ್ನ ಬೆನ್ನಿಗಿರುವ ಕಡೆಯಿಂದ ನಡೆದು ಬಾ, ವಾಸನೆ ಮೊದಲು ಬರಲಿ. ಜಗಲಿಯ ಹಲಗೆಯನ್ನು ಕಾಲಿನಿಂದ ಒಮ್ಮೆ ತುಳಿ, ಅದರ ಅದುರು ಅವಳಿಗೆ ಗೊತ್ತಾಗುತ್ತದೆ. ಮತ್ತೆ ಇದು ಕೈಸೇರಿದ ಮೇಲೆ ಭಾನುವಾರ ಫೋನು ಮಾಡುವುದನ್ನು ಮಾತ್ರ ನಿಲ್ಲಿಸಬೇಡ ಕೂಸೇ. ಬೇಕಾದರೆ ಸಿಳ್ಳೆಯನ್ನೂ ಹಾಕು. ಆದರೆ ಅವಳ ಕಿವಿಗೆ ಹಿಡಿ ಅನ್ನಬೇಡ. ಕೇಳುವವಳು ನಾನೊಬ್ಬಳೇ.